ಎರೆಹೊಲದ ನಾಲ್ಕು ಪಟ್ಟಿಗಳು

ಡಂಬಳದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಲು ಹೊರಟ ರೈತನೊಬ್ಬನಿಗೆ ಮೂರು ಸಂದೇಹಗಳಿವೆಯೆಂದು ಭಾವಿಸೋಣ. ಹಳೆಯ ಬೀಜವೋ ಹೊಸ ತಳಿಯೋ? ಗೊಬ್ಬರ ಹಾಕಬೇಕೋ ಬೇಡವೋ? ಮುಂಚೆ ಬಿತ್ತಬೇಕೋ ತಡವಾಗಿಯೋ? ಎಲ್ಲ ಬಗೆಗಳನ್ನೂ ಪರೀಕ್ಷಿಸಲು ಎಂಟು ಪಟ್ಟಿ ಹೊಲ ಬೇಕು. ಸಂದೇಹಗಳು ಏಳಾದರೆ 128 ಪಟ್ಟಿ! ಅಷ್ಟು ಹೊಲ ಯಾರ ಬಳಿ ಇದೆ? ಇದ್ದರೂ ವರ್ಷದ ಪೈರನ್ನು ಹೀಗೆ ಪಣಕ್ಕಿಡುವ ಎದೆ ಯಾರಿಗಿದೆ?

ಈ ತೊಡಕನ್ನು ಬಿಡಿಸಿದವರಲ್ಲಿ ಪ್ರಮುಖರು ಹುಟ್ಟಿದ ಊರು ಡಂಬಳಕ್ಕೆ ಬಹು ದೂರವಲ್ಲ. ಮುಂಡರಗಿಯ ದಾರಿ ಹಿಡಿದು ತುಂಗಭದ್ರೆಯನ್ನು ದಾಟಿದರೆ ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿ. ಅಲ್ಲಿ 1920ರ ಸೆಪ್ಟೆಂಬರ್ 10ರಂದು ಕಲ್ಯಂಪೂಡಿ ರಾಧಾಕೃಷ್ಣ ರಾಯರು ಜನಿಸಿದರು. ಆಗ ಡಂಬಳ ಮುಂಬಯಿ ಪ್ರಾಂತಕ್ಕೂ ಹಡಗಲಿ ಮದರಾಸು ಪ್ರಾಂತಕ್ಕೂ ಸೇರಿದ್ದುವು. ಮನೆಮಾತು ತೆಲುಗು, ತಂದೆ ಪೊಲೀಸ್ ಅಧಿಕಾರಿ. ವರ್ಗವಾದಲ್ಲಿಗೆಲ್ಲ ಸಂಸಾರ ಸಾಗಬೇಕಾದುದರಿಂದ, ಹಡಗಲಿಗೆ ಉಳಿದುದು ಹುಟ್ಟೂರೆಂಬ ಹೆಮ್ಮೆಯೊಂದೇ. ಎಂಟನೆಯ ಮಗುವಾದುದರಿಂದ ಕೃಷ್ಣನ ಹೆಸರಿಟ್ಟರಂತೆ. ತಾಯಿ ಲಕ್ಷ್ಮೀಕಾಂತಮ್ಮನವರು ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು ಮಗನನ್ನು ಓದಲು ಕೂರಿಸುತ್ತಿದ್ದರು. ಆ ದೀಪದ ಋಣವನ್ನು ರಾಯರು ತಮ್ಮ ಗ್ರಂಥವೊಂದರ ಅರ್ಪಣೆಯಲ್ಲಿ ನೆನೆದಿದ್ದಾರೆ.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ತರುಣ ಸೈನ್ಯದ ಸರ್ವೆ ವಿಭಾಗದ ಕೆಲಸವನ್ನರಸಿ ಕಲ್ಕತ್ತೆಗೆ ಹೋದ. ಕೆಲಸ ದೊರೆಯಲಿಲ್ಲ. ದೊರೆತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ಆ ಊರಿನಲ್ಲಿಯೇ ಕಿವಿಗೆ ಬಿತ್ತು. 1941ರಲ್ಲಿ ರಾಯರು ಅಲ್ಲಿ ಸೇರಿದರು.

ರೈತನ ಪ್ರಶ್ನೆಗೆ ಮರಳೋಣ. ಹಳೆಯ ಬೀಜ, ಗೊಬ್ಬರವಿಲ್ಲ, ಮುಂಚಿನ ಬಿತ್ತನೆ—ಇವಕ್ಕೆ 0 ಎಂದೂ, ಹೊಸ ಬೀಜ, ಗೊಬ್ಬರ, ತಡದ ಬಿತ್ತನೆ—ಇವಕ್ಕೆ 1 ಎಂದೂ ಗುರುತಿಡೋಣ. ಈಗ ನಾಲ್ಕೇ ಪಟ್ಟಿಗಳನ್ನು ಆರಿಸಿಕೊಳ್ಳಿ: 000, 011, 101, 110. ಯಾವ ಎರಡು ಸ್ಥಾನಗಳನ್ನು ನೋಡಿದರೂ 00, 01, 10, 11 ಒಂದೊಂದು ಸಲ ಬರುತ್ತವೆ, ಯಾರಿಗೂ ಪಕ್ಷಪಾತವಿಲ್ಲ. ಒಂದರ ಪರಿಣಾಮವನ್ನು ಇನ್ನೊಂದು ಕೆಡಿಸದಿದ್ದರೆ, ಎಂಟು ಪಟ್ಟಿಯ ವಿವೇಕ ನಾಲ್ಕರಲ್ಲಿಯೇ ಲಭಿಸಿತು. ಇಂಥ ಕೋಷ್ಟಕಕ್ಕೆ ‘ಆರ್ಥೊಗೊನಲ್ ಅರೇ’ ಎಂದು ಹೆಸರು. 1947ರಲ್ಲಿ ರಾಯರು ಇವುಗಳ ಶಾಸ್ತ್ರವನ್ನು ಕಟ್ಟಿ, ಎಷ್ಟು ಪಟ್ಟಿಗಳಿಗಿಂತ ಕಡಮೆಯಾದರೆ ಸಾಗದೆಂಬ ಮೇರೆಯನ್ನೂ ಗೊತ್ತುಮಾಡಿದರು. ಏಳು ಸಂದೇಹಗಳಿಗೆ ಆ ಮೇರೆ 8. 128ರ ಜಾಗದಲ್ಲಿ ಬರಿಯ ಎಂಟು!

ಸೋಜಿಗ ಇನ್ನು ಮುಂದಿದೆ. ಅದೇ 000, 011, 101, 110ನ್ನು ತಂತಿಯ ಮೇಲೆ ಕಳುಹಿಸುವ ಸಂಕೇತಗಳೆಂದು ತಿಳಿಯಿರಿ. ಪ್ರತಿಯೊಂದರಲ್ಲಿಯೂ 1ರ ಸಂಖ್ಯೆ ಸಮ. ದಾರಿಯಲ್ಲಿ ಒಂದು ಅಂಕಿ ಕೆಟ್ಟರೆ ಬೆಸವಾಗುತ್ತದೆ, ಕಳ್ಳ ಸಿಕ್ಕಿಬಿದ್ದ! ತಪ್ಪನ್ನು ಹಿಡಿಯುವುದಷ್ಟೇ ಅಲ್ಲ, ತಿದ್ದಲೂ ಬೇಕೆಂದರೆ? 1950ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹ್ಯಾಮಿಂಗ್ ಇದನ್ನು ವಿಚಾರಿಸಿದರು. ಏಳು ಅಂಕಿಯ ಸಂಕೇತವೊಂದು ತನ್ನ ಸ್ಥಾನವನ್ನೂ, ಒಂದೊಂದೇ ಅಂಕಿ ಕೆಟ್ಟಾಗ ಹುಟ್ಟುವ ಏಳು ರೂಪಗಳನ್ನೂ ತನಗೆಂದೇ ಕಾದಿರಿಸಿಕೊಳ್ಳಬೇಕು, ಒಟ್ಟು 8. ಆದುದರಿಂದ 128ರಲ್ಲಿ ಹೆಚ್ಚೆಂದರೆ 16 ಸಂಕೇತಗಳಿಗೆ ಎಡೆ. ರಾಯರ 8, ಹ್ಯಾಮಿಂಗರ 16, ಗುಣಿಸಿದರೆ 128. ಹೊಲಕ್ಕೆ ‘ಇಷ್ಟಕ್ಕಿಂತ ಕಡಮೆ ಸಲ್ಲದು’ ಎಂದ ಲೆಕ್ಕವೂ ತಂತಿಗೆ ‘ಇಷ್ಟಕ್ಕಿಂತ ಹೆಚ್ಚು ಸಲ್ಲದು’ ಎಂದ ಲೆಕ್ಕವೂ ಒಂದೇ ನಾಣ್ಯದ ಎರಡು ಮುಖಗಳು. ಇಬ್ಬರಿಗೂ ಬೇಕಾದುದು ಬೇರೆ ಬೇರೆಯಾಗಿತ್ತು.

ರಾಯರ ಜೊತೆಯಲ್ಲಿದ್ದ ರಾಜ್‌ಚಂದ್ರ ಬೋಸರು ಕಲ್ಕತ್ತೆಯಿಂದ ಅಮೆರಿಕಕ್ಕೆ ತೆರಳಿ, ಶಿಷ್ಯ ರಾಯ್‌ಚೌಧುರಿಯೊಡನೆ 1960ರಲ್ಲಿ ಹಲವು ತಪ್ಪುಗಳನ್ನು ತಿದ್ದುವ ಸಂಕೇತಗಳನ್ನು ರಚಿಸಿದರು. ಫ್ರಾನ್ಸಿನ ಹೊಕ್ವೆಂಗೆಮ್ ಅವನ್ನು 1959ರಲ್ಲಿಯೇ ಕಂಡಿದ್ದರು. ಕಿರಾಣಿ ಅಂಗಡಿಯಲ್ಲಿ ನೇತುಹಾಕಿರುವ ಕ್ಯೂಆರ್ ಚೌಕದ ಮೇಲೆ ಎಣ್ಣೆಯ ಕಲೆ ಬಿದ್ದರೂ ಹಣ ಸಲ್ಲುತ್ತದಲ್ಲ, ಅದರೊಳಗಿನ ರೀಡ್–ಸಾಲಮನ್ ಸಂಕೇತ ಈ ಮನೆತನದ್ದೇ. ಕೋಷ್ಟಕಗಳು ಕಾರ್ಖಾನೆಗೂ ಹೊಕ್ಕವು. 1950ರ ದಶಕದಲ್ಲಿ ಕಲ್ಕತ್ತೆಯ ಸಂಸ್ಥೆಗೆ ಬಂದಿದ್ದ ಜಪಾನಿನ ತಾಗುಚಿ ಅವುಗಳಿಂದ ಉತ್ಪಾದನೆಯ ಗುಣಮಟ್ಟವನ್ನು ಸುಧಾರಿಸುವ ಮಾರ್ಗ ರೂಪಿಸಿದರು. ಎಂಜಿನಿಯರುಗಳ ಬಾಯಲ್ಲಿ ಈಗ ತಾಗುಚಿಯ ಹೆಸರೇ ಹೆಚ್ಚು. ಇದು ರಾಯರಿಗಾದ ಸಣ್ಣ ಅನ್ಯಾಯವೆಂದೇ ಹೇಳಬೇಕು.

ಅವರಿಗೆ ದೊಡ್ಡ ಕೀರ್ತಿ ತಂದುದು ಬೇರೊಂದು ಬರಹ. 1944ರಲ್ಲಿ ಪಾಠ ಹೇಳುತ್ತಿದ್ದಾಗ ದಾಂಡೇಕರ್ ಎಂಬ ವಿದ್ಯಾರ್ಥಿ, ದೊಡ್ಡ ಮಾದರಿಗಳಿಗೆ ಸಲ್ಲುವ ಫಿಷರರ ನಿಯಮ ಚಿಕ್ಕವಕ್ಕೂ ಸಲ್ಲುವುದೇ ಎಂದು ಕೇಳಿದ. ಮೇಷ್ಟರು ರಾತ್ರಿಯೆಲ್ಲ ಕುಳಿತು ಮರುದಿನ ಉತ್ತರದೊಡನೆ ಬಂದರು. 1945ರಲ್ಲಿ ಅಚ್ಚಾದ ಆ ಬರಹಕ್ಕೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ದೊರೆತುದು 2023ರಲ್ಲಿ, ಎಪ್ಪತ್ತೆಂಟು ವರ್ಷಗಳ ಬಳಿಕ! ಅದೇ ವರ್ಷ ಆಗಸ್ಟ್ 22ರಂದು ರಾಯರು ಅಮೆರಿಕದಲ್ಲಿ ತೀರಿಕೊಂಡರು. ನೂರಮೂರು ತುಂಬಲು ಹತ್ತೊಂಬತ್ತು ದಿನಗಳಿದ್ದುವು.