ಬೂದು ಚುಕ್ಕೆ ತೋರಿಸಿಕೊಟ್ಟ ಹೆಸರು

1980ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಅಟಾರಿ ಕಂಪನಿಗೆ ಒಂದು ಪತ್ರ ಬಂತು. ಬರೆದವನು 15 ವರ್ಷದ ಹುಡುಗ. ನಿಮ್ಮ ‘ಅಡ್ವೆಂಚರ್’ ಎಂಬ ವಿಡಿಯೋ ಗೇಮಿನಲ್ಲಿ ಗುಟ್ಟಿನ ಕೋಣೆಯೊಂದಿದೆ, ಅಲ್ಲಿ ಒಬ್ಬರ ಹೆಸರು ಮಿನುಗುತ್ತದೆ ಎಂದು ತಿಳಿಸಿ, ಹೋಗುವ ದಾರಿಯನ್ನೂ ವಿವರಿಸಿದ್ದ. ಅಂಥ ಕೋಣೆಯ ಸುಳಿವೇ ಕಂಪನಿಗಿರಲಿಲ್ಲ.

ಹೆಸರು ಆ ಆಟ ಮಾಡಿದ ವಾರನ್ ರಾಬಿನೆಟ್ ಅವರದು. ಅಷ್ಟರಲ್ಲಿ ಅವರು ಅಟಾರಿಯ ಕೆಲಸ ಬಿಟ್ಟಾಗಿತ್ತು. ಆಗೆಲ್ಲ ಆಟದ ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಡಬ್ಬಿಯ ಮೇಲೆ ಮಾತ್ರ ಅಟಾರಿಯ ಹೆಸರೊಂದೇ. ಬರೀ ಅಕ್ಷರಗಳಲ್ಲಿ ಆಡುವ ಗುಹೆಯ ಆಟವೊಂದನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ನೋಡಿದ್ದ ರಾಬಿನೆಟ್‌ಗೆ ಅದನ್ನು ಟಿವಿ ಪರದೆಗೆ ತರುವ ಹಂಬಲ. ಆಗದ ಮಾತು, ಬಿಡು ಎಂದರು ಮೇಲಧಿಕಾರಿ. ಇವರು ಬಿಡಲಿಲ್ಲ. ಆಟ ತುಂಬಿದ ಕಾರ್ಟ್ರಿಜ್‌ನಲ್ಲಿ ಇದ್ದದ್ದು 4 ಕಿಲೋಬೈಟ್ ಜಾಗ, ಯಂತ್ರದಲ್ಲಿ 128 ಬೈಟ್ ನೆನಪು. ಅಷ್ಟರಲ್ಲೇ 30 ಕೋಣೆ, ಮೂರು ಕೋಟೆ, ಮೂರು ಡ್ರ್ಯಾಗನ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಬಾವಲಿ. ನಾವು ನೋಡದ ಕೋಣೆಗಳಲ್ಲೂ ಅದು ಹಾರಾಡುತ್ತಲೇ ಇರುತ್ತದೆ. ಇಲ್ಲಿಯ ಬೀಗದಕೈ ಕಿತ್ತೊಯ್ದು ಎಲ್ಲೋ ಎಸೆಯುತ್ತದೆ. ನಮ್ಮ ಕಣ್ಣಿನಾಚೆಯೂ ಒಂದು ಲೋಕ ನಡೆಯುತ್ತಿದೆ ಎಂಬ ಭಾವವನ್ನು ಇಷ್ಟು ಬಡ ಸಾಮಗ್ರಿಯಲ್ಲಿ ಹುಟ್ಟಿಸಿದವರು ಕಲಾವಿದರೇ ಸರಿ. ಆಟ ಸುಮಾರು 10 ಲಕ್ಷ ಪ್ರತಿ ಮಾರಾಟವಾಯಿತು. ರಾಬಿನೆಟ್‌ಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 22,000 ಡಾಲರ್ ಸಂಬಳ, ಅಷ್ಟೇ. ರಾಯಲ್ಟಿ ಇಲ್ಲ, ಹೆಸರೂ ಇಲ್ಲ.

ಅದಕ್ಕೇ ಅವರು ಆಟದೊಳಗೇ ತಮ್ಮ ಅಂಕಿತ ಬಚ್ಚಿಟ್ಟರು. ಕಪ್ಪು ಕೋಟೆಯ ಜಟಿಲ ದಾರಿಗಳ ನಡುವೆ ಸುತ್ತಲೂ ಮುಚ್ಚಿದ ಜಾಗವೊಂದಿದೆ. ಸೇತುವೆಯನ್ನು ಹೊತ್ತು ತಂದು ಗೋಡೆ ದಾಟಿದರೆ ಮಾತ್ರ ಪ್ರವೇಶ. ಅಲ್ಲಿ ಒಂದು ಚುಕ್ಕೆ, ಪರದೆಯ ಅತಿ ಸಣ್ಣ ಗಾತ್ರದ್ದು, ಹಿನ್ನೆಲೆಯ ಬೂದು ಬಣ್ಣದ್ದೇ. ಅದನ್ನು ಹಳದಿ ಕೋಟೆಯ ಬಳಿಯ ಕೋಣೆಯೊಂದಕ್ಕೆ ಒಯ್ಯಬೇಕು. ಬೇರೆ ವಸ್ತುಗಳೂ ಅಲ್ಲಿರಬೇಕು. ಒಟ್ಟಿಗೆ ಎರಡಕ್ಕಿಂತ ಹೆಚ್ಚು ವಸ್ತುಗಳನ್ನು ತೋರಿಸಲು ಆ ಯಂತ್ರಕ್ಕೆ ತ್ರಾಣವಿಲ್ಲ, ಹೆಚ್ಚಾದರೆ ಎಲ್ಲವೂ ಮಿಟುಕತೊಡಗುತ್ತವೆ. ಆಗ ಬಲಬದಿಯ ಗೆರೆಯಂಥ ಗೋಡೆಯೂ ಮಿಟುಕುತ್ತದೆ, ದಾಟಿ ಹೋಗಬಹುದು. ಆಚೆ ಕೋಣೆಯಲ್ಲಿ ಮೇಲಿಂದ ಕೆಳಕ್ಕೆ, ಬಣ್ಣ ಬದಲಿಸುತ್ತ, ಇದನ್ನು ಮಾಡಿದವರು ವಾರನ್ ರಾಬಿನೆಟ್ ಎಂಬ ಬರಹ. ಯಂತ್ರದ ಕೊರತೆಯನ್ನೇ ಬಾಗಿಲು ಮಾಡಿದ ಈ ಜಾಣ್ಮೆಯನ್ನು ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ಪತ್ರ ಬಂದಾಗ ಆ ಹೆಸರನ್ನು ಅಳಿಸುವ ಮಾತೂ ಬಂತು. ಆದರೆ ಆಟದ ಚಿಪ್ ಅನ್ನು ಹೊಸದಾಗಿ ಮಾಡಿಸಲು ಖರ್ಚು ಬಹಳ. ಇರಲಿ ಬಿಡಿ, ಈಸ್ಟರ್ ಹಬ್ಬದ ಮೊಟ್ಟೆಯಂತೆ ಮಕ್ಕಳು ಹುಡುಕಲಿ ಎಂದವರು ಅಟಾರಿಯ ಅಧಿಕಾರಿ ಸ್ಟೀವ್ ರೈಟ್. ಇಂಥ ಗುಟ್ಟುಗಳಿಗೆ ‘ಈಸ್ಟರ್ ಎಗ್’ ಎಂಬ ಹೆಸರು ನಿಂತದ್ದು ಹಾಗೆ. ರಾಬಿನೆಟ್ ಅವರಂತೆಯೇ ಮನ್ನಣೆ ಸಿಗದೆ ಬೇಸತ್ತ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲೇ ಅಟಾರಿ ಬಿಟ್ಟು, ಆಕ್ಟಿವಿಷನ್ ಎಂಬ ಆಟದ ಕಂಪನಿ ಕಟ್ಟುವುದರಲ್ಲಿ ಜೊತೆಯಾಗಿದ್ದರು. ಅಲ್ಲಿ ಆಟ ಮಾಡಿದವರ ಹೆಸರು ಅಚ್ಚಾಗತೊಡಗಿತು.

ಹೆಸರು ಬಚ್ಚಿಟ್ಟವರಲ್ಲಿ ರಾಬಿನೆಟ್ ಮೊದಲಿಗರೇನಲ್ಲ. 1977ರ ‘ಸ್ಟಾರ್‌ಶಿಪ್ 1’ ಎಂಬ ಅಟಾರಿಯದೇ ಆಟದಲ್ಲಿ ರಾನ್ ಮಿಲ್ನರ್ ತಮ್ಮ ಹೆಸರಿಗೊಂದು ನಮಸ್ಕಾರ ಅಡಗಿಸಿದ್ದರು. ಅದು ಲೋಕಕ್ಕೆ ತಿಳಿದದ್ದು 2017ರಲ್ಲಿ.