ಸೀತಾಳೆಗೆ ಮಣ್ಣು ಬೇಡ

ಮುಂಗಾರಿನ ಆರಂಭದಲ್ಲಿ ಮಲೆನಾಡಿನ ಮಾವು, ಹಲಸಿನ ಕೊಂಬೆಗಳಿಂದ ಸೀತಾಳೆದಂಡೆಯ ನಸುಗೆಂಪು ಹೂಗೊಂಚಲುಗಳು ಜೋತುಬಿದ್ದಿರುವುದನ್ನು ನೀವು ಕಂಡಿರಬಹುದು. ಅದು ಆರ್ಕಿಡ್ ಕುಟುಂಬಕ್ಕೆ ಸೇರಿದ ಸಸ್ಯ. ಅದನ್ನು ಬಂದಳಿಕೆಯೆಂದು ಭ್ರಮಿಸುವವರುಂಟು. ಆದರೆ ಬಂದಳಿಕೆಯಂತೆ ಅದು ಮರದ ರಸವನ್ನು ಹೀರುವುದಿಲ್ಲ. ಮರವು ಅದಕ್ಕೆ ಕೇವಲ ಆಸರೆ.

ಇಂತಹ ಗಿಡವನ್ನು ಮನೆಗೆ ತಂದವರು ಕುಂಡದಲ್ಲಿ ಕೆಮ್ಮಣ್ಣು, ಗೊಬ್ಬರ ತುಂಬಿ ಅಕ್ಕರೆಯಿಂದ ನೆಡುತ್ತಾರೆ. ಆ ಅಕ್ಕರೆಯೇ ಗಿಡಕ್ಕೆ ಮುಳುವಾಗುತ್ತದೆ. ಅದರ ಬೇರಿನ ಮೇಲೆ ಸ್ಪಂಜಿನಂತಹ ಬಿಳಿಯ ಹೊದಿಕೆಯಿದೆ. ಮಳೆ ಬಿದ್ದೊಡನೆ ಅದು ನೀರನ್ನು ಹೀರಿಕೊಳ್ಳುತ್ತದೆ. ಬಳಿಕ ಗಾಳಿಗೆ ಆರಬೇಕು. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಸತ್ತ ಗಿಡಕ್ಕೆ ಬದಲಾಗಿ ಕಾಡಿನಿಂದ ಮತ್ತೊಂದನ್ನು ಕಿತ್ತು ತರುವುದು ಇನ್ನೂ ದೊಡ್ಡ ತಪ್ಪು. ಬೀಜದಿಂದ ಮೊಳೆತ ಸಸಿ ಹೂಬಿಡಲು ಹಲವು ವರ್ಷಗಳು ಬೇಕು.

ಹಾಗಾದರೆ ಕುಂಡದಲ್ಲಿ ಏನನ್ನು ತುಂಬಬೇಕು? ತೆಂಗಿನ ಸಿಪ್ಪೆಯ ತುಂಡುಗಳು ತೇವವನ್ನು ಚೆನ್ನಾಗಿ ಹಿಡಿದಿಡುತ್ತವೆ. ಆದರೆ ಕೆಲವು ವರ್ಷಗಳಲ್ಲಿ ಕೊಳೆತು ಪುಡಿಯಾಗುವುದರಿಂದ ಅವನ್ನು ಬದಲಿಸಬೇಕಾಗುತ್ತದೆ. ಇದ್ದಿಲು, ಹೆಂಚಿನ ಚೂರುಗಳಿಗೆ ಆ ಭಯವಿಲ್ಲ. ಹೆಚ್ಚು ಆರೈಕೆಗೆ ಬಿಡುವಿಲ್ಲದವರಿಗೆ ಇವೇ ಲೇಸು. ಬಯಲುಸೀಮೆಯ ಒಣಹವೆಯಲ್ಲಿ ಮಾತ್ರ ಇವು ಬೇಗ ಆರುತ್ತವೆ. ಅಲ್ಲಿ ಸ್ವಲ್ಪ ಸಿಪ್ಪೆಯನ್ನು ಬೆರೆಸುವುದು ಯುಕ್ತ. ಇದ್ದಿಲಿನಲ್ಲಾಗಲಿ ಹೆಂಚಿನಲ್ಲಾಗಲಿ ಗಿಡಕ್ಕೆ ಬೇಕಾದ ಪೋಷಕಾಂಶಗಳು ದೊರೆಯುವುದಿಲ್ಲವಾದುದರಿಂದ, ಬೆಳೆಯುವ ಕಾಲದಲ್ಲಿ ಆಗಾಗ ತೆಳುವಾದ ಗೊಬ್ಬರದ ನೀರನ್ನು ಸಿಂಪಡಿಸಬೇಕು. ಕುಂಡದ ಪಕ್ಕಗಳಲ್ಲಿಯೂ ರಂಧ್ರಗಳಿರಲಿ.

ಅಂಗಳದಲ್ಲಿ ಮಾವಿನ ಮರವಿದ್ದರೆ ಕುಂಡವೂ ಬೇಡ. ಗಿಡವನ್ನು ತೆಂಗಿನ ನಾರಿನಿಂದ ಕೊಂಬೆಗೆ ಕಟ್ಟಿದರೆ ಸಾಕು. ಕ್ರಮೇಣ ಹೊಸ ಬೇರುಗಳು ತಾವಾಗಿಯೇ ತೊಗಟೆಯನ್ನು ಹಿಡಿದುಕೊಳ್ಳುತ್ತವೆ.