ನಮ್ಮ ಆಕಾಶಗಂಗೆ ಮತ್ತು ಅದರ ನೆರೆಹೊರೆ

ವಿಳಾಸ ಬರೆಯುವಾಗ ನಾವು ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತ ಬರೀತೀವಿ. ಇದನ್ನೇ ಮುಂದುವರಿಸಿದರೆ ಕರ್ನಾಟಕ, ಭಾರತ, ಭೂಮಿ, ಸೌರಮಂಡಲ, ಆಕಾಶಗಂಗೆ ಅಂತ ಬರೆಯಬೇಕಾಗುತ್ತದೆ. ಆ ಆಕಾಶಗಂಗೆಯ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಆಕಾರ: ಆಕಾಶಗಂಗೆ ಒಂದು ಗೆಲಾಕ್ಸಿ. ಅದರಲ್ಲಿ ಕನಿಷ್ಠ 10,000 ಕೋಟಿ ನಕ್ಷತ್ರಗಳಿವೆ. ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ.) ತೋಟದಲ್ಲಿ ತಿರುಗುವ ಸ್ಪ್ರಿಂಕ್ಲರ್ ನೋಡಿದ್ದೀರಲ್ಲ? ನಡುವೆ ಉದ್ದನೆಯ ಕೊಳವೆ, ಅದರ ಎರಡು ತುದಿಯಿಂದ ಬಾಗಿ ಹಾರುವ ನೀರು. ನಮ್ಮ ಗೆಲಾಕ್ಸಿಯೂ ಹಾಗೇ ಕಾಣುತ್ತದೆ. ನಡುವೆ ನಕ್ಷತ್ರಗಳದ್ದೇ ಒಂದು ಉದ್ದನೆಯ ಪಟ್ಟಿ, ಅದರಾಚೆ ಸುರುಳಿ ತೋಳುಗಳು. ಇದಕ್ಕೆ ಪಟ್ಟಿ ಸುರುಳಿ ಗೆಲಾಕ್ಸಿ ಎನ್ನುತ್ತಾರೆ. ನಮ್ಮ ಸೂರ್ಯ ನಡುವಿನಲ್ಲಿಲ್ಲ, ಅಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ.

ಒಳಗಿದ್ದೇ ತಿಳಿದದ್ದು ಹೇಗೆ?: ಜಾತ್ರೆಯ ಧೂಳಿನಲ್ಲಿ ನಿಂತರೆ ತೇರು ಸರಿಯಾಗಿ ಕಾಣುವುದಿಲ್ಲ. ಹಾಗೆಯೇ ಗೆಲಾಕ್ಸಿಯ ನಡುಭಾಗವನ್ನೂ ಧೂಳು ಮುಚ್ಚಿದೆ. ಆದರೆ ಅವಕೆಂಪು ಕಿರಣ ಆ ಧೂಳನ್ನು ದಾಟಿ ಬರುತ್ತದೆ. 2005ರಲ್ಲಿ ವಿಜ್ಞಾನಿಗಳು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದಿಂದ ಸುಮಾರು 3 ಕೋಟಿ ನಕ್ಷತ್ರಗಳನ್ನು ಗಮನಿಸಿ ಈ ಪಟ್ಟಿಯನ್ನು ಖಚಿತಪಡಿಸಿದರು.

ನೆರೆಹೊರೆ: ಗೆಲಾಕ್ಸಿಯನ್ನು ಊರು ಅಂದುಕೊಂಡರೆ ನಮ್ಮದೂ ಒಂದು ಹೋಬಳಿಗೆ ಸೇರಿದೆ. ಅದೇ ಸ್ಥಳೀಯ ಗುಂಪು. ಆಂಡ್ರೊಮೀಡಾ, ಆಕಾಶಗಂಗೆ, ತ್ರಿಕೋನ ಗೆಲಾಕ್ಸಿ ಇವು ಮೂರೂ ದೊಡ್ಡವು. ಉಳಿದ ಹತ್ತಾರು ಸಣ್ಣವು. ಆಂಡ್ರೊಮೀಡಾ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದು ನಮ್ಮ ಗೆಲಾಕ್ಸಿಗೆ ಡಿಕ್ಕಿ ಹೊಡೆಯುವುದು ಖಂಡಿತ ಅಂತ ಮೊದಲು ಹೇಳುತ್ತಿದ್ದರು. 2025ರ ಒಂದು ಲೆಕ್ಕದ ಪ್ರಕಾರ ಮುಂದಿನ 1,000 ಕೋಟಿ ವರ್ಷದಲ್ಲಿ ಆದರೂ ಆಗಬಹುದು, ಆಗದೆಯೂ ಇರಬಹುದು. ಹೆದರಬೇಡಿ!

ನಮ್ಮವರ ಕೆಲಸ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಲಡಾಖ್‌ನ ಹಾನ್ಲೆಯಲ್ಲಿದೆ. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತೇ ಅದನ್ನು ನಡೆಸುತ್ತಾರೆ.

ನೀವೇ ನೋಡಿ: ಕಾರ್ತಿಕ ಅಮಾವಾಸ್ಯೆಯ ರಾತ್ರಿ 8 ಗಂಟೆಗೆ ಊರಾಚೆ ಹೊಲದಲ್ಲಿ, ದೊಡ್ಡವರ ಜೊತೆ, ಉತ್ತರಕ್ಕೆ ಮುಖಮಾಡಿ ನಿಲ್ಲಿ. ಇಂಗ್ಲಿಷಿನ ಎಂ ಅಕ್ಷರದಂಥ ಐದು ನಕ್ಷತ್ರ ಕಾಣುತ್ತವೆ. ಅವುಗಳಿಂದ ಸ್ವಲ್ಪ ಮೇಲೆ ಮಸುಕಾದ ಬಿಳಿ ಮಚ್ಚೆಯೇ ಆಂಡ್ರೊಮೀಡಾ. ಆ ಬೆಳಕು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ.

ದೊಡ್ಡ ಪಟ್ಟಣದವರಿಗೆ ದೀಪದ ಬೆಳಕಿನಲ್ಲಿ ಇದು ಕಾಣುವುದಿಲ್ಲ. ನಮ್ಮೂರಲ್ಲೂ ದೀಪ ಹೆಚ್ಚುತ್ತಿವೆ. ದೀಪ ಬೇಕೇ ಬೇಕು, ಆದರೆ ಅದರ ಬೆಳಕು ನೆಲಕ್ಕೆ ಬೀಳಲಿ, ಆಕಾಶಕ್ಕಲ್ಲ. ಆಗ ನಮ್ಮ ತಮ್ಮ ತಂಗಿಯರೂ ಆಕಾಶಗಂಗೆ ನೋಡಬಹುದು.